ನಂಬರ್ ಪ್ಲೇಟು

ಹಾದಿಯಲ್ಲಿ ನಡೆಯುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವುದು ನನ್ನ ಹಳೆಯ ಚಟ. ಬನಹಟ್ಟಿಯಲ್ಲಿ ಇದು ಬೇಗನೆ ಹತ್ತಿಕೊಳ್ಳುತ್ತದೆ. ಓಣಿ ಓಣಿಯಲ್ಲೂ ಮಗ್ಗಗಳ ಖಟಖಟ ಸದ್ದು, ಜೊತೆಯವರೊಡನೆ ಮಾತಾಡಬೇಕೆಂದರೆ ಕೂಗಬೇಕು. ಕೂಗುವುದಕ್ಕಿಂತ ಓದುವುದು ಮೇಲು. ಅಂಗಡಿಗಳ ಹಲಗೆ, ಗೋಡೆಯ ಮೇಲಿನ ಬರಹ ಎಲ್ಲ ಬಾಯಿಪಾಠವಾದ ಮೇಲೆ ದಿನದಿನಕ್ಕೆ ಹೊಸದಾಗಿ ಉಳಿಯುವುದು ಗಾಡಿಗಳ ನಂಬರ್ ಪ್ಲೇಟು ಒಂದೇ. ಅದಕ್ಕೆ 'ಸಂಖ್ಯಾಫಲಕ' ಎಂಬ ಗಂಭೀರವಾದ ಶಬ್ದವೂ ಉಂಟು. ಕನ್ನಡದ ಅಧ್ಯಾಪಕನಾದ ನಾನೇ ಅದನ್ನು ಬಾಯಿಬಿಟ್ಟು ಆಡಿದ ನೆನಪಿಲ್ಲ.

ಓದಲು ಬಂದರೆ ಇದೂ ಒಂದು ಸಾಹಿತ್ಯವೇ. ಕೆಎ 48 ಎಂದರೆ ನಮ್ಮದು, 29 ಬಾಗಲಕೋಟೆ, 23 ಚಿಕ್ಕೋಡಿ, 49 ಗೋಕಾಕ. ಎಂಎಚ್ 09 ಕೊಲ್ಹಾಪುರ, 10 ಸಾಂಗಲಿ. ಸೀರೆ ಅಂಗಡಿಗಳ ಮುಂದೆ ಈ ಒಂಬತ್ತು ಹತ್ತುಗಳು ಸಾಲುಗಟ್ಟಿ ನಿಂತಿದ್ದರೆ ಊರಲ್ಲಿ ವ್ಯಾಪಾರ ನಡೆದಿದೆ ಎಂದು ತಿಳಿಯಬೇಕು. ಅವು ವಿರಳವಾದರೆ ಯಾರ ಮನೆಯಲ್ಲಿ ಮಗ್ಗ ನಿಂತಿತೆಂದು ಕೇಳಬೇಕು. ಇನ್ನು ನಮ್ಮ 48 ಎಂಬುದು ಜಮಖಂಡಿಯ ಸಂಖ್ಯೆ. "ತಾಲೂಕು ಬ್ಯಾರೆ ಆತು, ನಂಬರ ಮಾತ್ರ ಜಮಖಂಡೀದs ಐತಿ ನೋಡ್ರಿ" ಎಂದು ಕೊರಗುವವರು ಚಹಾದ ಅಂಗಡಿಯಲ್ಲಿ ಇಂದಿಗೂ ಸಿಗುತ್ತಾರೆ. ಜಮಖಂಡಿ ಸಂಸ್ಥಾನವೇ 1948ರಲ್ಲಿ ಕರಗಿ ಮುಂಬಯಿ ಪ್ರಾಂತವಾಯಿತು, ಅದು 1956ರಲ್ಲಿ ಮೈಸೂರಾಯಿತು, 1973ರಲ್ಲಿ ಕರ್ನಾಟಕವಾಯಿತು, 1997ರಲ್ಲಿ ಬಿಜಾಪುರ ಹೋಗಿ ಬಾಗಲಕೋಟೆ ಜಿಲ್ಲೆ ಬಂದಿತು. ಇಷ್ಟೆಲ್ಲವನ್ನೂ ನುಂಗಿದವರಿಗೆ ಎರಡು ಅಂಕಿ ಗಂಟಲಲ್ಲಿ ಸಿಕ್ಕಿಕೊಂಡಿವೆ!

ಇಂಥ ಕೊರಗು ನಮ್ಮೊಬ್ಬರದೇ ಅಲ್ಲವೆಂದು ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನು ಓದಲಿಕ್ಕೆಂದು ಜರ್ಮನಿಯ ಟ್ಯೂಬಿಂಗೆನ್ ಎಂಬ ಊರಿಗೆ ಹೋಗಿದ್ದಾನೆ. ಮಾವನ ಚಟ ಅವನಿಗೆ ಗೊತ್ತು. ಆಗಾಗ ಅಲ್ಲಿಯ ಮೋಟಾರುಗಳ ಹಿಂಭಾಗದ ಚಿತ್ರಗಳನ್ನೇ ಫೋನಿನಲ್ಲಿ ಕಳಿಸುತ್ತಾನೆ. ಅಲ್ಲಿ ಊರಿಗೆ ಅಂಕಿಯಲ್ಲ, ಅಕ್ಷರ. ದೊಡ್ಡ ಊರಿಗೆ ಒಂದೇ ಅಕ್ಷರ ಸಾಕು: ಬರ್ಲಿನ್ನಿಗೆ ಬಿ, ಮ್ಯೂನಿಕ್ಕಿಗೆ ಎಂ. ಸಣ್ಣವಕ್ಕೆ ಎರಡು, ಮೂರು. ದೊಡ್ಡವರ ಹೆಸರು ಮೋಟಾಗುವುದು, ಬಡವರ ಹೆಸರು ಉದ್ದವಾಗುವುದು ಅಲ್ಲಿಯೂ ಉಂಟೆಂದಾಯಿತು. ಈ ಪದ್ಧತಿ ಬಂದದ್ದು 1956ರಲ್ಲಿ, ನಾವು ಮೈಸೂರು ಸೇರಿದ ವರ್ಷವೇ. ದೇಶ ಆಗ ಇಬ್ಭಾಗವಾಗಿತ್ತು. ಆದರೂ ಪಶ್ಚಿಮದವರು ಪೂರ್ವದ ಊರುಗಳಿಗೆಂದು ಅಕ್ಷರಗಳನ್ನು ತೆಗೆದಿರಿಸಿದರು, ಪರದೇಶಕ್ಕೆ ಹೋದ ಮಗನ ತಟ್ಟೆಯನ್ನು ತೊಳೆದಿಡುವ ತಾಯಿಯಂತೆ. ಮುಂದೆ ಎಪ್ಪತ್ತರ ದಶಕದಲ್ಲಿ ಸಣ್ಣ ಜಿಲ್ಲೆಗಳನ್ನು ದೊಡ್ಡವಕ್ಕೆ ಸೇರಿಸಿದಾಗ ಎಷ್ಟೋ ಊರುಗಳ ಅಕ್ಷರ ಹೋದವು. ಜನ ಮರೆಯಲಿಲ್ಲ, 2012ರ ಕೊನೆಗೆ ಹಳೆಯ ಅಕ್ಷರಗಳನ್ನು ಮರಳಿ ಪಡೆಯಲು ಅಪ್ಪಣೆಯಾಯಿತು. ಚಹಾದ ಅಂಗಡಿಯಲ್ಲಿ ಈ ಸುದ್ದಿಯನ್ನು ನಾನಿನ್ನೂ ಹೇಳಿಲ್ಲ. ಹೇಳಿದರೆ ನಾಳೆಯೇ ಒಂದು ಮನವಿ ಪತ್ರ ಬರೆದುಕೊಡಬೇಕಾದೀತು.

ಟ್ಯೂಬಿಂಗೆನ್ನಿನ ಅಕ್ಷರಗಳು ಟಿ ಮತ್ತು ಯು. ಆದರೆ ಆ ಯು ತಲೆಯ ಮೇಲೆ ಎರಡು ಚುಕ್ಕೆಗಳನ್ನು ಹೊತ್ತಿದೆ. ಅದು ಜರ್ಮನ್ ಭಾಷೆಯ ಸ್ವಂತ ಸ್ವರ. ಫರ್ಡಿನಂಡ್ ಕಿಟೆಲ್ ಸಾಹೇಬರು ನಮಗೆ 1894ರಲ್ಲಿ ನಿಘಂಟು ಕೊಟ್ಟು, 1903ರಲ್ಲಿ ಕಣ್ಣುಮುಚ್ಚಿದ್ದು ಇದೇ ಟ್ಯೂಬಿಂಗೆನ್ನಿನಲ್ಲಿ. ಕನ್ನಡದ ಒಂದೊಂದು ಅಕ್ಷರವನ್ನೂ ತೂಗಿ ನೋಡಿದವರ ಊರು ಮೋಟಾರಿನ ಮೇಲೂ ತನ್ನ ಎರಡು ಚುಕ್ಕೆಗಳನ್ನು ಬಿಟ್ಟುಕೊಟ್ಟಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

ಅದಕ್ಕೆ ಕಾರಣವುಂಟು. ನನ್ನ ಸ್ಕೂಟರಿನ ಮೇಲೆ ನಾನು ಕನ್ನಡದ ಅಂಕಿಗಳನ್ನು ಬರೆಸಿದ್ದೆ. 1989ರ ಮೋಟಾರು ವಾಹನ ನಿಯಮಗಳು ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ ಇರಬೇಕೆನ್ನುತ್ತವೆ. ಅದು ಗೊತ್ತಿದ್ದೂ ಬರೆಸಿದ್ದೆ. 'ಕೆಎ' ಎಂದು ಕನ್ನಡದಲ್ಲಿ ಬರೆದರೆ ಅದು ಧೋತರ ಉಟ್ಟ ಇಂಗ್ಲಿಷೇ ಹೊರತು ಕನ್ನಡವಲ್ಲ ಎಂಬ ಅಳುಕು ಒಳಗೆ ಇತ್ತು. ಆದರೂ ಕೆಂಪು ಹಳದಿಯ ನಡುವೆ ಆ ದುಂಡನೆಯ ಅಂಕಿಗಳನ್ನು ನೋಡಿದಾಗ ಎದೆ ಒಂದು ಗೇಣು ಉಬ್ಬುತ್ತಿತ್ತು. ಎರಡು ಸಲ ದಂಡ ತೆತ್ತೆ. ತೆತ್ತ ರಸೀದಿಯನ್ನು ಬಿರುದಿನ ಪತ್ರದಂತೆ ಗೆಳೆಯರಿಗೆ ತೋರಿಸಿದ್ದೂ ಉಂಟು.

ಹೀಗಿರುತ್ತ 2022ರ ಚಳಿಗಾಲದಲ್ಲಿ, ನಮ್ಮ ಎದುರು ಮನೆಯ ನೇಕಾರರು ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನ ಮೇಲೆ ಬರುತ್ತಿದ್ದರು. ಇನ್ನೂ ನಸುಕು. ಹಿಂದಿನಿಂದ ಬಂದ ಕಾರೊಂದು ಅವರನ್ನು ಕೆಡವಿ ನಿಲ್ಲದೆ ಹೋಯಿತು. ಬಲಗಾಲು ಎರಡು ಕಡೆ ಮುರಿಯಿತು. ಹಾಲು ಹಾಕಲು ಹೊರಟಿದ್ದ ಹುಡುಗನೊಬ್ಬ ಎಲ್ಲವನ್ನೂ ಕಂಡಿದ್ದ. ಠಾಣೆಗೆ ಅವನನ್ನು ಕರೆದುಕೊಂಡು ಹೋದವನು ನಾನು.

"ನಂಬರ ನೋಡಿದೇನೋ ತಮ್ಮಾ?" ಎಂದು ಕೇಳಿದರು.

"ನೋಡೇನ್ರಿ ಸಾಹೇಬ್ರ. ಬಾಸ್ ಅಂತ ಬರದಿತ್ರಿ."

ಎಂಟನ್ನು ಬಿ ಎಂದೂ, ಐದನ್ನು ಎಸ್ ಎಂದೂ ಕಾಣುವಂತೆ ತಿದ್ದಿಸಿ 8055ನ್ನು ಬಾಸ್ ಮಾಡುವ ಶೋಕಿ ನಮ್ಮ ಸೀಮೆಯಲ್ಲಿ ಹೊಸದಲ್ಲ. ಆದರೆ ಆ ಕಾರಿನ ಮೇಲಿದ್ದದ್ದು 8055 ಹೌದೋ, 8085ನ್ನೇ ಹಾಗೆ ಬಳುಕಿಸಿದ್ದರೋ ಯಾರು ಬಲ್ಲರು? ಮುಂದಿನ ಸರಣಿಯ ಅಕ್ಷರ, ಜಿಲ್ಲೆಯ ಅಂಕಿ ಹುಡುಗನಿಗೆ ನೆನಪಿರಲಿಲ್ಲ. ಅವನ ಕಣ್ಣನ್ನು ಪೂರ್ತಿಯಾಗಿ ಸೆಳೆದುಕೊಂಡದ್ದು ಆ ಬಾಸ್. ಠಾಣೆಯವರು ಹುಡುಕಲಿಲ್ಲವೆಂದು ನಾನು ಹೇಳಲಾರೆ. ಕಾರು ಸಿಗಲಿಲ್ಲ.

ಗುರುತು ಸಿಗದ ವಾಹನದಿಂದ ತೀವ್ರವಾಗಿ ಗಾಯಗೊಂಡವರಿಗೆ ಸರಕಾರದ ಯೋಜನೆಯೊಂದರಲ್ಲಿ ಐವತ್ತು ಸಾವಿರ ರೂಪಾಯಿ ಉಂಟು. 2022ರ ಏಪ್ರಿಲಿಗೆ ಮೊದಲು ಅದು ಹನ್ನೆರಡೂವರೆ ಸಾವಿರವಿತ್ತು. ನಂಬರು ತಿಳಿದಿದ್ದರೆ ವಿಮೆಯವರಿಂದ, ನ್ಯಾಯಮಂಡಳಿಯಿಂದ ಎಷ್ಟು ಬರುತ್ತಿತ್ತೋ! ಹನ್ನೆರಡು ತಾಸು ನಿಂತು ನಾಲ್ಕು ಮಗ್ಗ ನೋಡಿಕೊಳ್ಳುವ ಮನುಷ್ಯನ ಕಾಲು ಅದು. ಅರ್ಜಿಯನ್ನು ತುಂಬಿದವನು ನಾನೇ. 'ವಾಹನದ ಸಂಖ್ಯೆ' ಎಂಬ ಕಡೆಗೆ ಬಂದಾಗ ಲೇಖಣಿ ನಿಂತಿತು. "ಏನ ಬರೀತೀರಿ ಸರ?" ಎಂದು ಅವರು ಕೇಳಿದರು. 'ತಿಳಿದಿಲ್ಲ' ಎಂದು ಬರೆದೆ. ಅಷ್ಟು ದುಂಡಗಿನ ಕನ್ನಡವನ್ನು ನಾನು ಹಿಂದೆಂದೂ ಬರೆದಿರಲಿಕ್ಕಿಲ್ಲ.

ಹೊರಗೆ ಬಂದರೆ ಎದುರಿಗೆ ನನ್ನ ಸ್ಕೂಟರು. ಹಾಲಿನ ಹುಡುಗ ಅಲ್ಲಿಯೇ ಇದ್ದ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವನು. "ಇದನ್ನ ಓದು ನೋಡೋಣು" ಎಂದೆ. ಅವನು ನಿಂತು, ತಲೆ ಓರೆ ಮಾಡಿ ಓದಿದ. ನನ್ನ ಸಂಖ್ಯೆಯಲ್ಲಿ ಒಂದು ೬, ಒಂದು ೯. ಎರಡನ್ನೂ ಅದಲುಬದಲು ಮಾಡಿದ. ಅವನ ತಪ್ಪಲ್ಲ; ನನ್ನ ಬಿ.ಎ. ವಿದ್ಯಾರ್ಥಿಗಳನ್ನು ಮರುದಿನ ಕೇಳಿದೆ, ಅರ್ಧ ಜನ ಹಾಗೆಯೇ ಓದಿದರು. ನಿಂತ ಗಾಡಿಯನ್ನೇ ಹೀಗೆ ಓದಿದರೆ ನಸುಕಿನಲ್ಲಿ ಓಡುವ ಗಾಡಿಯನ್ನು ಯಾರು ಓದಿಯಾರು?

ಅಳಿಯನಿಗೆ ಇದನ್ನೆಲ್ಲ ಹೇಳಿದೆ. ಅವನು ಇನ್ನೊಂದು ಚಿತ್ರ ಕಳಿಸಿ, "ಮಾಮಾ, ಇಲ್ಲಿನ ಅಂಕಿಗಳನ್ನ ಸರಿಯಾಗಿ ನೋಡ್ರಿ" ಎಂದ. ನೋಡಲಿಕ್ಕೆ ಚೆಂದವೇನೂ ಅಲ್ಲ; ಒಂದಕ್ಕೊಂದು ಸಂಬಂಧವಿಲ್ಲದವರು ಸಾಲಾಗಿ ನಿಂತಂತೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಕಾರ್ಲ್‌ಗೆಯೋರ್ಗ್ ಹೋಫರ್ ಎಂಬ ಅಕ್ಷರಶಿಲ್ಪಿ ರೂಪಿಸಿದ ಬರಹವಂತೆ ಅದು. ಕಪ್ಪು ಬಣ್ಣ ಬಳಿದು 3ನ್ನು 8 ಮಾಡಲಿಕ್ಕೆ ಬಾರದು, ಪಿ ಅಕ್ಷರಕ್ಕೆ ಬಾಲ ಹಚ್ಚಿ ಆರ್ ಮಾಡಲಿಕ್ಕೆ ಬಾರದು. ಆ ಎರಡು ಚುಕ್ಕೆಗಳು ಮಾತ್ರ ಅದರಲ್ಲಿಯೂ ಸ್ಪಷ್ಟವಾಗಿ ಕೂತಿದ್ದವು. ನನ್ನ ಹೊಟ್ಟೆಕಿಚ್ಚು ಇಳಿಯಲಿಲ್ಲ, ಬೇರೆ ಆಯಿತು. ಅವರು ತಮ್ಮ ಅಕ್ಷರವನ್ನು ಇಟ್ಟುಕೊಂಡರು. ಜೊತೆಗೆ ಅದನ್ನು ಓದಬೇಕಾದವನ ಕಣ್ಣನ್ನೂ ನೆನೆದರು. ನಾನು ನೆನೆದದ್ದು ನನ್ನ ಎದೆಯನ್ನು.

2019ರ ಏಪ್ರಿಲಿಗೆ ಹಿಂದಿನ ಗಾಡಿಗಳಿಗೂ ಹೊಸ ಸುರಕ್ಷಾ ಪ್ಲೇಟು ಹಾಕಿಸಬೇಕೆಂದು 2023ರಲ್ಲಿ ನಮ್ಮ ಸರಕಾರ ಆದೇಶಿಸಿತು. ಗಡುವು ಮುಂದೆ ಹೋಗುತ್ತಲೇ ಇತ್ತು, ಜನ ಕಾಯುತ್ತಲೇ ಇದ್ದರು. ನಾನು ಮೊದಲ ಗಡುವಿನೊಳಗೇ ಹಾಕಿಸಿದೆ. ಅಲ್ಯುಮಿನಿಯಮ್ಮಿನ ತಗಡು, ಮೂಲೆಯಲ್ಲಿ ಹೊಳೆಯುವ ಅಶೋಕ ಚಕ್ರ, ಬಿಚ್ಚಿದರೆ ಮುರಿಯುವ ಬೀಗ. ನೇಕಾರರು ಕಟ್ಟೆಯ ಮೇಲೆ ಕೋಲು ಹಿಡಿದು ಕೂತಿದ್ದವರು ಅಲ್ಲಿಂದಲೇ ಸಂಖ್ಯೆಯನ್ನು ಜೋರಾಗಿ ಓದಿ, "ಈಗ ಓದಾಕ ಬರತೈತ್ರಿ ಸರ" ಎಂದರು. ಇಷ್ಟು ದಿನ ಬರುತ್ತಿರಲಿಲ್ಲವೆಂದು ಅವರೆಂದೂ ಹೇಳಿರಲಿಲ್ಲ.

ಹಳೆಯ ತಗಡನ್ನು ಗುಜರಿಗೆ ಹಾಕಲು ಮನಸ್ಸಾಗದೆ ನಡುಮನೆಯ ಗೋಡೆಗೆ ಹೊಡೆದಿದ್ದೇನೆ. ಅವರ ಮೊಮ್ಮಗಳು ಎರಡನೆಯ ಇಯತ್ತೆ. ಸಂಜೆ ಬಂದು ಅದರ ಮುಂದೆ ನಿಂತು ಅಂಕಿ ಕಲಿಯುತ್ತಾಳೆ. ಆರನ್ನು ಒಂಬತ್ತೆಂದು ಓದಿ, ಅಲ್ಲವೆಂದರೆ ನನ್ನೊಡನೆಯೇ ಜಗಳಕ್ಕೆ ನಿಲ್ಲುತ್ತಾಳೆ.