ಪರೇಲಿನ ಕಲ್ಲು, ಕಾರ್ಕಳದ ಅಣ್ಣ-ತಂಗಿ

ಪರೇಲಿನ ಬಾರಾದೇವಿ ಮಂದಿರದಲ್ಲಿ 11 ಅಡಿ ಎತ್ತರದ ಒಂದೇ ಕಲ್ಲಿನ ಶಿವನಿದ್ದಾನೆ. 1931ರಲ್ಲಿ ರಸ್ತೆ ಕೆಲಸದಲ್ಲಿ ಸಿಕ್ಕಿದ್ದು, ಐದಾರನೆಯ ಶತಮಾನದ್ದೆನ್ನುತ್ತಾರೆ. ಒಬ್ಬನ ಮೈಯಿಂದ ಇನ್ನೊಬ್ಬ ಚಿಗುರಿದಂತೆ ಏಳು ರೂಪಗಳು. ಬಾಗಿಲು ಹಾಕಿದ್ದರೆ ಬೇಸರ ಬೇಡ, ಕೋಟೆ ಭಾಗದ ಮ್ಯೂಸಿಯಮ್ಮಿನಲ್ಲಿ ಇದರ ಅಚ್ಚು ಇದೆ. ಕೆತ್ತಿದವನ ಹೆಸರು ಮಾತ್ರ ಉಳಿದಿಲ್ಲ.

ನಮ್ಮ ಕರಾವಳಿಯ ಶಿಲ್ಪಿಯ ಹೆಸರು ಉಳಿದಿದೆ, ಅದೂ ದೈವವಾಗಿ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ಕಡೆದವನು ಬೀರ ಕಲ್ಕುಡ ಎನ್ನುತ್ತದೆ ತುಳು ಪಾಡ್ದನ. ಇಂಥದ್ದು ಇನ್ನೊಂದಾಗಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸಿದನಂತೆ. ಆದರೂ ಒಂಟಿ ಕೈಯಲ್ಲೇ ವೇಣೂರಿನ ಗೊಮ್ಮಟನನ್ನೂ ಕೆತ್ತಿದ. ವೇಣೂರಿನದು 1604ರದು, ಪಾಡ್ದನಕ್ಕೆ 172 ವರ್ಷ ಯಾವ ಲೆಕ್ಕ! ಅಣ್ಣನ ಅವಸ್ಥೆ ಕಂಡು ತಂಗಿ ಕಲ್ಲುರ್ಟಿ ಉರಿದೆದ್ದಳು. ಇಬ್ಬರೂ ಮಾಯವಾಗಿ ದೈವಗಳಾದರು, ಅರಮನೆಗೆ ಬೆಂಕಿ ಬಿತ್ತು. ನನಗೆ ತಂಗಿಯ ಸಿಟ್ಟೇ ಹೆಚ್ಚು ಇಷ್ಟ.

ಇಲ್ಲೇ ಹುಟ್ಟಿದ ನೀವು ‘ಭೂತ’ವೆಂದರೆ ದೆವ್ವವೆಂದು ನಗುತ್ತೀರಿ, ಗೆಳೆಯರ ಮುಂದೆ ಹೇಳಲು ನಾಚುತ್ತೀರಿ. ಗ್ರೀಕರ ಕ್ಯಾಸ್ಟರ್, ಪಾಲಕ್ಸ್ ಎಂದರೆ ಮಾತ್ರ ಕಿವಿ ನೆಟ್ಟಗೆ! ಅವರೂ ಒಡಹುಟ್ಟಿದವರೇ. ಕ್ಯಾಸ್ಟರ್ ಸತ್ತಾಗ ಪಾಲಕ್ಸ್ ತನ್ನ ಅಮರತ್ವದಲ್ಲಿ ಅರ್ಧ ಕೊಟ್ಟ. ಗ್ರೀಕರು ಆ ಅವಳಿಗಳಿಗೆ ಮಂಚ ಹಾಸಿ, ಊಟವಿಟ್ಟು ಮನೆಗೆ ಕರೆಯುತ್ತಿದ್ದರು. ಕಲ್ಲುರ್ಟಿಗೆ ಅಗೆಲು ಬಡಿಸುವುದನ್ನು ಕಂಡವರಿಗೆ ಇದೇನು ಹೊಸದೇ? ಬಾಳೆಲೆ, ಅನ್ನ, ಕೋಳಿ ಪದಾರ್ಥ. ಮೊದಲು ಅವಳಿಗೆ, ಆಮೇಲೆ ಮನೆಯವರಿಗೆ.

ರಜೆಯಲ್ಲಿ ಊರಿಗೆ ಹೋದಾಗ ಅಗೆಲು ಇದ್ದರೆ ಅಜ್ಜಿಯ ಪಕ್ಕ ಕೂತು ಈ ಕಥೆ ಕೇಳಿ. ನಾನು ಬರೆದದ್ದು ಕಾಲುಭಾಗವೂ ಅಲ್ಲ.