ಹೇಗೂ ಮನೆಯಲ್ಲೇ ಇರ್ತೀರಲ್ಲ

ಬೇಸಿಗೆ ರಜೆಯ ಬಗ್ಗೆ ಬರೆಯುವವರು ಮಾವಿನಹಣ್ಣಿನ ಬಗ್ಗೆ, ಹೊಳೆಯಲ್ಲಿ ಈಜಿದ್ದರ ಬಗ್ಗೆ, ಅಜ್ಜಿ ಹೇಳಿದ ಕತೆಗಳ ಬಗ್ಗೆ ಬರೆಯುತ್ತಾರೆ. ಬರೆಯಲಿ, ಅದರಲ್ಲಿ ಸುಳ್ಳೇನಿಲ್ಲ. ಆದರೆ ಅವರೆಲ್ಲ ಮಕ್ಕಳಾಗಿದ್ದಾಗ ಕಂಡ ರಜೆಯನ್ನು ಬರೆದವರು. ಬೆಳಿಗ್ಗೆ ಹತ್ತಕ್ಕೆ ಕೌಂಟರಿನ ಹಿಂದೆ ಕೂರಲೇಬೇಕಾದ ತಾಯಿಗೆ ರಜೆ ಎಂದರೆ ಮೊದಲು ಒಂದು ಲೆಕ್ಕ.

ನಾನು ಶಿವಮೊಗ್ಗದ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದೆ. ಮಾರ್ಚ್ 31ರ ವಾರ್ಷಿಕ ಲೆಕ್ಕ ಮುಗಿಸಿ ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಮನೆಗೆ ಬಂದು ಉಸಿರು ಬಿಡುವಷ್ಟರಲ್ಲಿ ಏಪ್ರಿಲ್ 10 ಬಂದುಬಿಡುತ್ತಿತ್ತು. ಅಂದು ಶಾಲೆಯಲ್ಲಿ ಫಲಿತಾಂಶ. ಮಕ್ಕಳಿಬ್ಬರೂ ಪಾಸಾದ ಸಂತೋಷದಲ್ಲಿ ಕುಣಿದುಕೊಂಡು ಬಂದರೆ ನಾನು ಕ್ಯಾಲೆಂಡರಿನ ಮುಂದೆ ನಿಂತಿರುತ್ತಿದ್ದೆ. ಏಪ್ರಿಲ್ 11ರಿಂದ ಮೇ 31ರವರೆಗೆ 51 ದಿನ. ಭಾನುವಾರಗಳು, ಅಂಬೇಡ್ಕರ್ ಜಯಂತಿ, ಮೇ ದಿನ ಎಲ್ಲ ಕಳೆದರೂ 42 ದಿನ ಉಳಿಯುತ್ತದೆ. ನನ್ನ ಸಾಂದರ್ಭಿಕ ರಜೆ ವರ್ಷಕ್ಕೆ 12. ಗಳಿಕೆ ರಜೆ ಇತ್ತು ನಿಜ, ಹನ್ನೊಂದು ದಿನ ದುಡಿದರೆ ಒಂದು. ಆದರೆ ಮೇ ತಿಂಗಳಲ್ಲಿ ಅದು ಬೇಕಾದದ್ದು ನನಗೊಬ್ಬಳಿಗೇ ಅಲ್ಲವಲ್ಲ! ಒಬ್ಬರಿಗೆ ತಂಗಿಯ ಮದುವೆ, ಒಬ್ಬರಿಗೆ ಗೃಹಪ್ರವೇಶ, ಇನ್ನೊಬ್ಬರಿಗೆ ವರ್ಗಾವಣೆಯ ಗಡಿಬಿಡಿ. ಮಕ್ಕಳನ್ನು ನೋಡಿಕೊಳ್ಳಬೇಕು ಎಂಬ ಕಾರಣ ಮ್ಯಾನೇಜರ ಮೇಜಿನ ಮೇಲೆ ಎಲ್ಲಕ್ಕಿಂತ ಕೆಳಗಿನ ಅರ್ಜಿ.

ನಮ್ಮವರು ಪ್ರೌಢಶಾಲೆಯಲ್ಲಿ ಮೇಷ್ಟ್ರು. ಕೇಳಿದವರೆಲ್ಲ, 'ಅಯ್ಯೋ, ಹಾಗಾದ್ರೆ ನಿಮಗೇನ್ರೀ ಚಿಂತೆ? ಅವರಿಗೂ ರಜೆ ತಾನೆ?' ಎನ್ನುತ್ತಿದ್ದರು. ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಪರಊರಿಗೆ ಹೋದರೆ ಅವರು ಮರಳುವಾಗ ತಿಂಗಳು ಮುಗಿಯಲು ಬಂದಿರುತ್ತಿತ್ತು. ಮೇ ತಿಂಗಳಲ್ಲಿ ಮನೆಯಲ್ಲಿರುತ್ತಿದ್ದರು, ಮಕ್ಕಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಸುಳ್ಳು ಹೇಳಬಾರದು, ಅವರು ಮಾಡುತ್ತಿದ್ದ ಉಪ್ಪಿಟ್ಟನ್ನು ಮಕ್ಕಳು ಈಗಲೂ ನೆನೆಸಿಕೊಳ್ಳುತ್ತಾರೆ. ತಮಾಷೆ ಎಂದರೆ ಬೀದಿಯವರ ಮಾತು. 'ಪಾಪ, ಮೇಷ್ಟ್ರು, ವರ್ಷವೆಲ್ಲ ಮಕ್ಕಳ ಜೊತೆ ಒದ್ದಾಡಿ ರಜೆಯಲ್ಲೂ ಮಕ್ಕಳನ್ನೇ ಕಾಯಬೇಕು!' ಎಂದು ಮರುಗುತ್ತಿದ್ದರು. ಇಡೀ ಮೇ ತಿಂಗಳು ಮನೆಯಲ್ಲೇ ಇದ್ದ ಆ ಮನುಷ್ಯನಿಗೆ 'ಹೇಗೂ ಮನೆಯಲ್ಲೇ ಇರ್ತೀರಲ್ಲ' ಎಂದು ಒಬ್ಬರೂ ಹೇಳಿದ್ದನ್ನು ನಾನು ಕೇಳಲಿಲ್ಲ. ಆ ಮಾತು ಹೆಂಗಸರಿಗೆಂದೇ ಎತ್ತಿಟ್ಟದ್ದು.

ಪಕ್ಕದ ಮನೆಯಾಕೆಗೆ ಅದನ್ನು ದಿನಕ್ಕೆ ನಾಲ್ಕು ಸಲವಾದರೂ ಯಾರೋ ಹೇಳುತ್ತಿದ್ದರು. ಗ್ಯಾಸಿನವನು ಬಂದರೆ ಸಿಲಿಂಡರ್ ತೆಗೆದಿಟ್ಟುಕೊಳ್ಳಿ, ನೀರು ಬಂದರೆ ನಮ್ಮ ತೊಟ್ಟಿಗೂ ಬಿಡಿ, ನಮ್ಮ ಬೀಗದ ಕೈ ಇಟ್ಟುಕೊಂಡಿರಿ, ಹೇಗೂ ಮನೆಯಲ್ಲೇ ಇರ್ತೀರಲ್ಲ. ಆಕೆ ಮನೆಯಲ್ಲಿರುತ್ತಿದ್ದುದೇನೋ ನಿಜ, ಹೊಲಿಗೆ ಯಂತ್ರದ ಮುಂದೆ. ಏಪ್ರಿಲ್, ಮೇ ಎಂದರೆ ಮದುವೆಯ ಕಾಲ. ಸೀರೆಗೆ ಫಾಲ್ ಹಚ್ಚುವುದು, ಕುಪ್ಪಸ ಹೊಲಿಯುವುದು, ರಾತ್ರಿ ಹನ್ನೆರಡರವರೆಗೆ ಆ ಯಂತ್ರದ ಸದ್ದು ನಮ್ಮ ಗೋಡೆಗೆ ಕೇಳುತ್ತಿತ್ತು. ನನ್ನ ಮಕ್ಕಳು ಅವರ ಜಗಲಿಯಲ್ಲಿ ಎಷ್ಟೋ ಮಧ್ಯಾಹ್ನ ಚೌಕಾಬಾರ ಆಡಿದ್ದಾರೆ. ದುಡ್ಡು ಕೊಡುತ್ತೇನೆಂದರೆ ಬೇಸರಪಟ್ಟುಕೊಂಡರು. ಕೊನೆಗೆ ಅವರ ಮಗಳಿಗೆ ನಮ್ಮವರು ಗಣಿತ ಹೇಳಿಕೊಡುವುದು ಎಂದಾಯಿತು. ಅಷ್ಟರಮಟ್ಟಿಗೆ ಇಬ್ಬರಿಗೂ ಸಮಾಧಾನ.

ನಿಮ್ಮೂರಲ್ಲೂ ಈಗ ಬೀದಿಗೊಂದು ಬೇಸಿಗೆ ಶಿಬಿರದ ಬ್ಯಾನರು ಕಾಣುತ್ತದಲ್ಲ? ಒಳ್ಳೆಯವೂ ಇವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ನಾಟಕ ಕಲಿತ ಮಕ್ಕಳನ್ನು ನಾನು ಕಂಡಿದ್ದೇನೆ, ಮಾತೇ ಬೇರೆಯಾಗಿಬಿಡುತ್ತದೆ. ಆದರೆ ನಮ್ಮ ಬೀದಿಯ ಶಿಬಿರಗಳದ್ದು ಸಾಮಾನ್ಯವಾಗಿ ಹತ್ತರಿಂದ ಒಂದರವರೆಗಿನ ವ್ಯವಹಾರ. ಒಂದು ಗಂಟೆಗೆ ಮಗುವನ್ನು ಕರೆತರುವವರು ಯಾರು? ಆ ಪ್ರಶ್ನೆ ಬ್ಯಾನರಿನಲ್ಲಿ ಇರುವುದಿಲ್ಲ. ಶಿಬಿರ ನಡೆಸುವವರ ಮನಸ್ಸಿನಲ್ಲೂ ಮನೆಯಲ್ಲೊಬ್ಬಳು ಹೆಂಗಸು ಅಡಿಗೆ ಮುಗಿಸಿ, ಕೊಡೆ ಹಿಡಿದು ಹೊರಟು ನಿಂತಿರುತ್ತಾಳೆ.

ಕಾನೂನಿನ ಮನಸ್ಸೂ ಅಷ್ಟೇ. 1948ರ ಕಾರ್ಖಾನೆ ಕಾಯಿದೆ ಹೆಂಗಸರು ಹೆಚ್ಚಾಗಿ ದುಡಿಯುವ ಕಾರ್ಖಾನೆಗಳಲ್ಲಿ ಶಿಶುವಿಹಾರ ಇರಬೇಕೆಂದಿತು, ಆರು ವರ್ಷದೊಳಗಿನ ಮಕ್ಕಳಿಗೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯಿದೆಗೆ ತಿದ್ದುಪಡಿ ತಂದು 50 ಮಂದಿ ಇರುವ ಸಂಸ್ಥೆಗಳಿಗೂ ಅದನ್ನು ಹೇಳಿದರು, ಮರುವರ್ಷ ಹೊರಟ ಮಾರ್ಗಸೂಚಿಯಲ್ಲೂ ಆರು ವರ್ಷವೇ. ಆರು ದಾಟಿದ ಮಗು ಶಾಲೆಗೆ ಹೋಗುತ್ತದೆ, ಇನ್ನೇನು ಎಂಬ ಎಣಿಕೆ. ಏಪ್ರಿಲ್ 11ರ ಬೆಳಿಗ್ಗೆ ಆ ಮಗು ಶಾಲೆಗೂ ಸೇರಿದ್ದಲ್ಲ, ಶಿಶುವಿಹಾರಕ್ಕೂ ಸೇರಿದ್ದಲ್ಲ. ಕೇಂದ್ರ ಸರ್ಕಾರ 2008ರಲ್ಲಿ ತನ್ನ ಹೆಣ್ಣು ನೌಕರರಿಗೆ ಇಡೀ ಸೇವೆಯಲ್ಲಿ 730 ದಿನ ಶಿಶುಪಾಲನಾ ರಜೆ ಕೊಟ್ಟಿತು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಆರು ತಿಂಗಳು ಕೊಟ್ಟಿತು. ದೊಡ್ಡ ಉಪಕಾರ, ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಅನ್ವಯವಾಗುವಂಥದ್ದು. 2018ರ ಕೊನೆಯಲ್ಲಿ ಕೇಂದ್ರದವರು ಅದನ್ನು ಒಂಟಿ ತಂದೆಯರಿಗೂ ವಿಸ್ತರಿಸಿದರು. ಅಂದರೆ ಹೆಂಡತಿ ಇಲ್ಲದ ಗಂಡಸು ಮಗುವನ್ನು ನೋಡಿಕೊಳ್ಳಬೇಕಾಗಬಹುದು ಎಂದು ಸರ್ಕಾರಕ್ಕೂ ಹೊಳೆಯಿತು. ಹೆಂಡತಿ ಇರುವವನ ಮಾತು ಬೇರೆ!

ಇನ್ನು ಅಜ್ಜಿಮನೆ. ನನ್ನ ತವರು ತೀರ್ಥಹಳ್ಳಿಯ ಆಚೆ, ಬಸ್ಸಿಳಿದು ಎರಡು ಮೈಲಿ ಗದ್ದೆ ಬದುವಿನಲ್ಲಿ ನಡೆಯಬೇಕು. ಏಪ್ರಿಲ್ ಮೂರನೆಯ ವಾರಕ್ಕೆ ನಾವು ಮೂವರು ಅಕ್ಕತಂಗಿಯರ ಮಕ್ಕಳೆಲ್ಲ ಅಲ್ಲಿ ಸೇರುತ್ತಿದ್ದರು. ಅಣ್ಣನ ಮಕ್ಕಳಿಬ್ಬರನ್ನೂ ಕೂಡಿಸಿದರೆ ಒಂಬತ್ತು. ರಾತ್ರಿ ಜಗಲಿಯ ಮೇಲೆ ಸಾಲಾಗಿ ಮಲಗಿದರೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನನ್ನ ಮಕ್ಕಳ ಬಾಲ್ಯದಲ್ಲಿ ಬಂಗಾರದಂಥ ಭಾಗ ಯಾವುದೆಂದರೆ ಅದೇ.

ಆದರೆ ಮಲೆನಾಡಿನ ಹೆಂಗಸರಿಗೆ ಬೇಸಿಗೆ ಎಂಥ ಕಾಲವೆಂದು ಬಲ್ಲವರೇ ಬಲ್ಲರು. ಮಳೆಗಾಲ ಹಿಡಿಯುವುದರೊಳಗೆ ಎಲ್ಲ ಆಗಬೇಕು. ಮಾವಿನ ಮಿಡಿ ಉಪ್ಪಿಗೆ ಹಾಕಬೇಕು. ಹಲಸಿನಕಾಯಿ ಬಿಡಿಸಿ, ಬೇಯಿಸಿ, ರುಬ್ಬಿ ಹಪ್ಪಳ ಒತ್ತಬೇಕು. ಸಂಡಿಗೆ ಇಡಬೇಕು, ಕಾಗೆ ಕಾಯಬೇಕು. ಸೌದೆ ಒಳಗೆ ಸೇರಿಸಬೇಕು, ಕೊಟ್ಟಿಗೆಗೆ ದರಗು ತುಂಬಬೇಕು. ಬಾವಿಯ ನೀರೋ ತಳ ಹಿಡಿದಿರುತ್ತದೆ, ಹಗ್ಗ ಉದ್ದವಾದಷ್ಟೂ ತೋಳು ಸೋಲುತ್ತದೆ. ಇದರ ನಡುವೆ ಒಂಬತ್ತು ಮಕ್ಕಳಿಗೆ ಬೆಳಿಗ್ಗೆ ದೋಸೆ. ಒಮ್ಮೆ ಅಮ್ಮನನ್ನು ಕೇಳಿದ್ದಕ್ಕೆ, 'ಬಂದಾಗ ಸಂತೋಷವೇ ಮಾರಾಯ್ತಿ. ಹೋದಮೇಲೆ ಎರಡು ದಿನ ಸೊಂಟ ಎತ್ತಲಿಕ್ಕಾಗುವುದಿಲ್ಲ. ಅದು ಯಾರಿಗೆ ಕಾಣುತ್ತದೆ?' ಅಂದಳು.

ಅಮ್ಮ ಹಾಗೆ ಹೇಳಿಯಾದರೂ ಹೇಳಿದಳು. ಹೇಳದೆ ಇದ್ದವರು ಅತ್ತಿಗೆ. ಅಜ್ಜಿಮನೆ ಎಂದು ಹೆಸರು ಅಜ್ಜಿಯದು, ಆ ದೋಸೆ ಹೊಯ್ಯುತ್ತಿದ್ದವರು ಅತ್ತಿಗೆ. ಒಂಬತ್ತು ಜನರ ತಲೆಗೆ ಎಣ್ಣೆ ತಿಕ್ಕಿ ಬಚ್ಚಲೊಲೆಗೆ ಸೌದೆ ಒಟ್ಟುತ್ತಿದ್ದವರು ಅತ್ತಿಗೆ. 1995ರ ಮೇ ತಿಂಗಳಲ್ಲಿ ನಾನು ಎರಡು ದಿನದ ಮಟ್ಟಿಗೆ ಹೋಗಿದ್ದಾಗ ಇಬ್ಬರೂ ಹಿತ್ತಲಲ್ಲಿ ಹಪ್ಪಳ ಒತ್ತುತ್ತಾ ಕೂತಿದ್ದೆವು. ಅತ್ತಿಗೆಯ ಚಿಕ್ಕ ಮಗಳು ಬಂದು, 'ಅಮ್ಮಾ, ನಾವು ಅಜ್ಜಿಮನೆಗೆ ಹೋಗೋದು ಯಾವಾಗ?' ಎಂದಳು. ಅವಳ ಅಜ್ಜಿಮನೆ ಕೊಪ್ಪದ ಹತ್ತಿರ. ಅತ್ತಿಗೆ ಹಪ್ಪಳದಿಂದ ಕಣ್ಣೆತ್ತದೆ, 'ಇವರೆಲ್ಲ ಹೊರಟ ಮೇಲೆ' ಎಂದರು. ಇವರೆಲ್ಲ ಹೊರಡುವುದು ಮೇ 29ಕ್ಕೋ 30ಕ್ಕೋ. ಜೂನ್ ಒಂದಕ್ಕೆ ಅವಳಿಗೂ ಶಾಲೆ. ಹುಡುಗಿ ಬೆರಳು ಮಡಿಸಿ ಎಣಿಸಿ ಸುಮ್ಮನಾಯಿತು. ಅತ್ತಿಗೆ ಮೆಲ್ಲಗೆ, ನನಗೆ ಹೇಳಿದ್ದೋ ಮಣೆಗೆ ಹೇಳಿದ್ದೋ ಎಂಬಂತೆ, 'ನಮ್ಮಮ್ಮನೂ ಒಬ್ಬಳು ಅಜ್ಜಿಯೇ ಅಲ್ಲವಾ?' ಎಂದರು.

ಜಗಳವಿಲ್ಲ, ಕಣ್ಣೀರಿಲ್ಲ. ಆ ರಾತ್ರಿ ನಾವು ಅಕ್ಕತಂಗಿಯರು ಅಡಿಗೆಮನೆಯಲ್ಲಿ ಕೂತು ಮುಂದಿನ ವರ್ಷಕ್ಕೆ ಹೊಸ ಲೆಕ್ಕ ಹಾಕಿದೆವು. ಶಾಲೆ ಮುಚ್ಚಿದ ಮೊದಲ ಇಪ್ಪತ್ತು ದಿನ ಅತ್ತಿಗೆ ಮತ್ತು ಮಕ್ಕಳು ಕೊಪ್ಪಕ್ಕೆ, ನಮ್ಮ ಮಕ್ಕಳು ತೀರ್ಥಹಳ್ಳಿಗೆ ಕಾಲಿಡುವುದು ಮೇ ಒಂದರ ನಂತರ. ಬಂದ ಮಕ್ಕಳ ಜೊತೆ ನಮ್ಮಲ್ಲೊಬ್ಬಳು ಸರದಿಯಂತೆ ವಾರವಿಡೀ ಅಲ್ಲೇ ಇದ್ದು ಒಲೆಯ ಮುಂದೆ ನಿಲ್ಲುವುದು. ಅಣ್ಣನಿಗೆ ಇದೆಲ್ಲ ಯಾಕೆಂದು ಅರ್ಥವಾಗಲಿಲ್ಲ. 'ಇಷ್ಟು ವರ್ಷ ನಡೀಲಿಲ್ವಾ?' ಎಂದ. ನಡೆದಿತ್ತು, ನಡೆಸಿದವರು ಅವನ ಪಕ್ಕದಲ್ಲೇ ನಿಂತಿದ್ದರು.

ಹೊಸ ಲೆಕ್ಕದ ಮೊದಲ ವರ್ಷವೇ ಪರೀಕ್ಷೆ ಬಂತು. 1996ರ ಏಪ್ರಿಲ್-ಮೇ ಲೋಕಸಭಾ ಚುನಾವಣೆ. ಮೇಷ್ಟ್ರಿಗೂ ಬ್ಯಾಂಕಿನವಳಿಗೂ ಒಂದೇ ದಿನಕ್ಕೆ ಚುನಾವಣಾ ಕೆಲಸದ ಆದೇಶ. ಹಿಂದಿನ ದಿನವೇ ಹೊರಡಬೇಕು, ರಾತ್ರಿ ಮತಗಟ್ಟೆಯಲ್ಲೇ ವಾಸ. ಮಗಳಿಗೆ ಒಂಬತ್ತು, ಮಗನಿಗೆ ಆರು. ಪಕ್ಕದ ಮನೆಯಾಕೆ ಮದುವೆಗೆ ಊರಿಗೆ ಹೋಗಿದ್ದರು. ಪಾತ್ರೆ ತೊಳೆಯಲು ಬರುತ್ತಿದ್ದವಳು ನನ್ನ ಮುಖ ನೋಡಿ, 'ನನ್ ಮಗಳನ್ನ ಬಿಟ್ಟೋಗ್ತೀನಿ ಬಿಡಿ ಅಮ್ಮಾವ್ರೇ, ಅವ್ಳಿಗೂ ಇಸ್ಕೂಲಿಲ್ಲ' ಎಂದಳು. ಆ ಹುಡುಗಿಗೆ ಹನ್ನೊಂದು. ಅವಳಿಗೊಬ್ಬ ಪುಟ್ಟ ತಮ್ಮನಿದ್ದ. ಅವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆ. 'ಅವ್ಳೇ. ಸೊಂಟದ ಮೇಲೆ ಎತ್ಕೊಂಡು ಬತ್ತಾಳೆ. ಇನ್ಯಾರವ್ರೆ?' ಎಂದಳು, ನಾನೇನೋ ತಿಳಿಯದೆ ಕೇಳಿದೆನೆಂಬಂತೆ.

ನನ್ನ ಲೆಕ್ಕದ ಕಾಗದದಲ್ಲಿ 42 ದಿನಗಳಿಗೆ ಅಮ್ಮ, ಅಕ್ಕ, ಪಕ್ಕದ ಮನೆಯಾಕೆ ಎಂದು ಹೆಸರುಗಳಿದ್ದವು. ನಮ್ಮ ಪಾತ್ರೆ ತೊಳೆದು ಇನ್ನೆರಡು ಮನೆಗೆ ಹೋಗುತ್ತಿದ್ದ ಅವಳ ಲೆಕ್ಕದಲ್ಲಿ ಇದ್ದದ್ದು ಒಂದೇ ಹೆಸರು. ಬೀದಿ ನಲ್ಲಿಯಲ್ಲಿ ಕೊಡ ಹಿಡಿದು ನಿಲ್ಲುತ್ತಿದ್ದ ಆ ಹುಡುಗಿಗೆ ರಜೆ ಬಂತೆಂದರೆ ಶಾಲೆಯ ನಾಲ್ಕು ಗಂಟೆಯ ಬಿಡುವೂ ಹೋಯಿತು ಎಂದರ್ಥ. ಹದಿನಾಲ್ಕರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳಬಾರದೆಂದು ಸರ್ಕಾರ ನಿಷೇಧಿಸಿದ್ದು 2006ರ ಅಕ್ಟೋಬರ್ 10ರಿಂದ. 1996ರಲ್ಲಿ ನನ್ನನ್ನು ತಡೆಯುವವರಿರಲಿಲ್ಲ, ಅಷ್ಟೇಕೆ, ಎಷ್ಟೋ ಮನೆಗಳಲ್ಲಿ ಅದೇ ಪದ್ಧತಿ. ಆದರೂ ಬೇಡವೆಂದೆ. ಆ ಬೇಸಿಗೆಯಲ್ಲಿ ಅವಳು ಕೆಲಸಕ್ಕೆ ಬರುವಾಗ ಮಕ್ಕಳಿಬ್ಬರನ್ನೂ ಕರೆದುಕೊಂಡೇ ಬರಲು ಹೇಳಿದೆ. ನಾಲ್ಕೂ ಮಕ್ಕಳು ಒಟ್ಟಿಗೆ ತಿಂಡಿ ತಿಂದು ಆಡುತ್ತಿದ್ದವು. ಅಷ್ಟರಿಂದ ಅವಳ ಮಧ್ಯಾಹ್ನದ ಸಮಸ್ಯೆ ಬಗೆಹರಿಯಿತೆಂದು ನಾನು ಹೇಳುವುದಿಲ್ಲ. ಚುನಾವಣೆಯ ಎರಡು ದಿನಕ್ಕೆ ಕೊಪ್ಪದಿಂದ ಬಸ್ ಹತ್ತಿ ಬಂದವರು ಯಾರು ಗೊತ್ತೇ? ಅತ್ತಿಗೆ. 'ನಿಮ್ಮ ಲೆಕ್ಕದಲ್ಲಿ ನನಗೆ ಇಪ್ಪತ್ತು ದಿನ ಕೊಟ್ಟಿರಲ್ಲ, ಅದರಲ್ಲಿ ಎರಡು ನಾನೇ ಖರ್ಚು ಮಾಡಿದೆ' ಎಂದು ನಕ್ಕರು.

ನಾನು ನಿವೃತ್ತಳಾದದ್ದು 2018ರಲ್ಲಿ. ಮಗಳು, ಅಳಿಯ ಬೆಂಗಳೂರಿನಲ್ಲಿ, ಇಬ್ಬರೂ ಖಾಸಗಿ ಕಂಪೆನಿಯಲ್ಲಿ. ಮೊಮ್ಮಗನಿಗೆ ಎಂಟು, ಕಂಪೆನಿಯ ಶಿಶುವಿಹಾರ ಅವನಿಗೆ ಎಂದೋ ಮುಗಿಯಿತು. ಹೋದ ಫೆಬ್ರವರಿಯಲ್ಲಿ ಮಗಳು ಫೋನ್ ಮಾಡಿ, ಅದೂ ಇದೂ ಮಾತಾಡಿ, ಕೊನೆಗೆ, 'ಅಮ್ಮ, ರಜೆಯಲ್ಲಿ ಪುಟ್ಟನ್ನ ಪೂರ್ತಿ ನಿನ್ನ ಹತ್ರ ಕಳಿಸ್ತೀನಿ. ನೀನು ಹೇಗೂ ಮನೆಯಲ್ಲೇ ಇರ್ತೀಯಲ್ಲ' ಎಂದಳು.

ನಗು ಬಂತು. ಅವಳಿಗೆ ಯಾಕೆಂದು ತಿಳಿಯಲಿಲ್ಲ. ಮೂವತ್ತಾರು ವರ್ಷ ಮಧ್ಯಾಹ್ನದ ನಿದ್ದೆ ಕಾಣದವಳು ನಾನು, ಈಗ ಊಟವಾದ ಮೇಲೆ ಒಂದು ಗಂಟೆ ಬಾಗಿಲು ಹಾಕಿಕೊಂಡು ಮಲಗುತ್ತೇನೆ. ಸಂಜೆ ಗ್ರಂಥಾಲಯಕ್ಕೆ ಹೋಗುತ್ತೇನೆ. ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ಮೊಮ್ಮಗ ಬಂದರೆ ಮನೆ ತುಂಬುತ್ತದೆ, ಅದೂ ನಿಜ. ಎರಡನ್ನೂ ಹೇಳಿದೆ. 'ಇಪ್ಪತ್ತು ದಿನ ನನ್ನದು. ಮಿಕ್ಕದ್ದಕ್ಕೆ ಕಾಗದ ಪೆನ್ನು ತೆಗೆದುಕೋ. ನಿನ್ನ ಗಂಡನನ್ನೂ ಕೂರಿಸಿಕೋ' ಎಂದೆ. ಮಗಳಿಗೆ ಸ್ವಲ್ಪ ಮುನಿಸು. ಎರಡು ದಿನ ಫೋನ್ ಇಲ್ಲ. ಮೂರನೆಯ ದಿನ ಅಳಿಯನೇ ಮಾತಾಡಿದ. ಅವನು ಹತ್ತು ದಿನ ರಜೆ ಕೇಳಿದ್ದಕ್ಕೆ ಅವನ ಮೇಲಿನವರು, 'ಯಾಕೆ, ನಿಮ್ಮ ಮಿಸೆಸ್‌ಗೆ ಹುಷಾರಿಲ್ವಾ?' ಎಂದು ವಿಚಾರಿಸಿದರಂತೆ. ಹುಷಾರಾಗಿದ್ದಾಳೆ, ನನಗೂ ಒಬ್ಬ ಮಗನಿದ್ದಾನೆ ಎಂದನಂತೆ. ರಜೆ ಸಿಕ್ಕಿತು.

ಉಳಿದದ್ದು ಹುಬ್ಬಳ್ಳಿಯ ಅಜ್ಜಿಯ ಪಾಲು. ಈ ಲೆಕ್ಕದ ಸುದ್ದಿ ಅವರ ಕಿವಿಗೂ ಬಿದ್ದು ಅವರೇ ನನಗೆ ಫೋನ್ ಮಾಡಿದರು. 'ಬೀಗರ, ನನ್ನ ಪಾಲಿಗೆ ಎಷ್ಟ ದಿನ ಬಂದಾವರೀ?' ಹನ್ನೆರಡು ಎಂದೆ, ತಾರೀಖು ಓದಿ ಹೇಳಿದೆ. 'ಮೇ ನಾಕರಿಂದ ಏಳರ ತನಕಾ ಆಗೂದಿಲ್ಲರಿ. ನಾವು ಓಣಿ ಹೆಣ್ಣಮಕ್ಕಳು ಕೂಡಿ ಧರ್ಮಸ್ಥಳಕ್ಕ ಹೊಂಟೇವಿ. ಬಸ್ ಚಾರ್ಜ್ ಇಲ್ಲಲ್ಲರಿ ಈಗ!' ಎಂದರು. ನಾನು ರಬ್ಬರು ತೆಗೆದುಕೊಂಡು ಆ ನಾಲ್ಕು ದಿನ ಅಳಿಸಿ, ಅಳಿಯನ ಹೆಸರು ಬರೆದೆ.