ಅವರನ್ನೇ ಕೇಳು, ಪುಟ್ಟಿ

ಪ್ರೀತಿಯ ಪುಟ್ಟಿ,

ಎಂ.ಎಸ್.ಡಬ್ಲ್ಯು. ಮುಗಿಸಿ ಹಳ್ಳಿಗಳಲ್ಲಿ ವಿಕಲಚೇತನರ ಜೊತೆ ಕೆಲಸಕ್ಕೆ ಸೇರಿದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ತುಂಬಾ ಖುಷಿಯಾಯ್ತು ಕಣೇ. ಪುಸ್ತಕದಲ್ಲಿ ಇರುವುದು ನಿನಗೆ ಗೊತ್ತೇ ಇದೆ. ಪೋಲಿಯೊ ಕಾಲಿಟ್ಟುಕೊಂಡು ಅರ್ಜಿ ಕೊಡುವವರ ಸಾಲಿನಲ್ಲಿ ನಿಂತವಳು ನಾನು. ಅಲ್ಲಿಂದ ಕಂಡದ್ದನ್ನು ಬರೆಯುತ್ತೇನೆ.

ಯಾರನ್ನು ನೋಡಲು ಹೋಗುತ್ತೀಯೋ ಅವರನ್ನೇ ಮಾತಾಡಿಸು. ನಾನು ಎದುರಿಗೇ ಕೂತಿದ್ದರೂ ನಮ್ಮ ಮನೆಗೆ ಬಂದವರು "ಇವಳು ಎಷ್ಟು ಓದಿದ್ದಾಳೆ? ಸ್ನಾನ ತಾನೇ ಮಾಡ್ಕೋತಾಳಾ?" ಅಂತ ಅಮ್ಮನನ್ನು ಕೇಳುತ್ತಿದ್ದರು. ಅಮ್ಮ ಹೇಳುತ್ತಿದ್ದಳು, ಅವರು ಬರೆದುಕೊಳ್ಳುತ್ತಿದ್ದರು. ಕೊನೆಗೆ ನನ್ನ ಹೆಸರಿಗೆ ಹೊಲಿಗೆ ಯಂತ್ರ ಮಂಜೂರಾಯಿತು. ನನಗೆ ಬೇಕಿದ್ದದ್ದು ಕಾಲೇಜಿನ ಹತ್ತಿರ ಒಂದು ಹಾಸ್ಟೆಲ್ ಸೀಟು. ಮಾತು ಬಾರದವರಿಗೂ, ಬೌದ್ಧಿಕ ವೈಕಲ್ಯ ಇರುವವರಿಗೂ ಬೇಕು-ಬೇಡಗಳಿವೆ. ಸನ್ನೆಯಿಂದಲೋ ಚಿತ್ರ ತೋರಿಸಿಯೋ ಕೇಳು, ಉತ್ತರಕ್ಕೆ ಪುರುಸೊತ್ತಿನಿಂದ ಕಾಯಿ.

ಇನ್ನು ಕಾನೂನಿನ ಮಾತು. ವಿಕಲಚೇತನರಿಗಾಗಿ ಮಾಡಿದ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. ಸರ್ಕಾರಿ ನೌಕರಿಯ ಮೀಸಲಾತಿ ಶೇ. 3ರಿಂದ 4ಕ್ಕೆ ಏರಿತು. ಇವನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದಾಗಿ ಕಂಡದ್ದು 2016ರ ಕಾಯ್ದೆಯ 13ನೇ ಕಲಂ. ಆಸ್ತಿ ಹೊಂದುವುದಕ್ಕೆ, ಪಿತ್ರಾರ್ಜಿತಕ್ಕೆ, ಬ್ಯಾಂಕ್ ಸಾಲಕ್ಕೆ, ನಮ್ಮ ದುಡ್ಡನ್ನು ನಾವೇ ನೋಡಿಕೊಳ್ಳುವುದಕ್ಕೆ ಎಲ್ಲರಷ್ಟೇ ಹಕ್ಕು ನಮಗೂ ಇದೆ ಅನ್ನುತ್ತದೆ ಅದು. ಪಾಲು ಹಂಚುವಾಗ "ಅವಳನ್ನು ನಾವು ನೋಡ್ಕೋತೀವಲ್ಲ" ಅಂತ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮನೆಗಳು ನಿನಗೆ ಸಿಕ್ಕೇ ಸಿಗುತ್ತವೆ. ಅಲ್ಲಿ ಈ ಕಲಮನ್ನು ಓದಿ ಹೇಳು.

ನಮ್ಮೂರ ಕಡೆಯ ಒಂದು ಕಚೇರಿಯಲ್ಲಿ ರ‍್ಯಾಂಪ್ ಇದೆ. ಎರಡಡಿ ಎತ್ತರಕ್ಕೆ ಆರಡಿ ಉದ್ದ, ಮೇಲೆ ನುಣುಪು ಟೈಲ್ಸ್, ಕೆಳಗೆ ಸಾಲಾಗಿ ನಿಲ್ಲಿಸಿದ ಬೈಕುಗಳು. ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದವಾದರೂ ಇರಬೇಕು. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯವರು ತಾವೇ ಹತ್ತುವುದು ಕಷ್ಟ, ಇಳಿಯುವಾಗ ಮುಗ್ಗರಿಸುವ ಭಯ ಬೇರೆ. ಆದರೂ ಅಲ್ಲಿ ಬಿಲ್ ಪಾಸಾಗಿದೆ, ಫೋಟೊ ತೆಗೆದಾಗಿದೆ. ನಿನ್ನ ಚೀಲದಲ್ಲಿ ಒಂದು ಅಳತೆ ಟೇಪು ಇರಲಿ.

ಟ್ರೈಸಿಕಲ್ ಹಂಚುವ ಸಮಾರಂಭದಲ್ಲಿ ನಮ್ಮನ್ನು ಬಿಸಿಲಲ್ಲಿ ಸಾಲಾಗಿ ಕೂರಿಸಿ, ಹಾರ ತುರಾಯಿ ಮುಗಿಯುವವರೆಗೆ ಕಾಯಿಸುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕೈಲಾದರೆ ಅದನ್ನು ನಿಲ್ಲಿಸು, ಮನೆಗೇ ತಲುಪಿಸಲಿ.

ಪಂಚಾಯಿತಿಯಲ್ಲಿ ನಮಗಾಗಿ ಶೇ. 5ರ ಅನುದಾನವಿದೆ. ಅದು ಯಾವುದಕ್ಕೆ ಖರ್ಚಾಗುತ್ತಿದೆ ಎಂಬುದು ಅಲ್ಲಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ (ವಿ.ಆರ್.ಡಬ್ಲ್ಯು.) ಗೊತ್ತಿರುತ್ತದೆ. ಅವರಲ್ಲಿ ಬಹಳ ಜನ ಸ್ವತಃ ವಿಕಲಚೇತನರು, ಅಲ್ಪ ಗೌರವಧನದಲ್ಲಿ ದುಡಿಯುವವರು. ಅವರನ್ನು ಕೈಕೆಳಗಿನವರಂತೆ ಕಾಣಬೇಡ, ಅವರಿಂದ ಕಲಿ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಪರವಾಗಿ ನೀನು ಭಾಷಣ ಮಾಡುವುದು ಬೇಡ. ಸಭೆಯನ್ನು ಮಹಡಿ ಮೇಲೆ ಇಟ್ಟಿದ್ದರೆ ತಕರಾರು ತೆಗೆದು ಕೆಳಗಿಳಿಸು, ಊರಿನ ವಿಕಲಚೇತನರನ್ನು ಮುಂದಿನ ಸಾಲಿಗೆ ಕರೆ, ಮೈಕು ಅವರ ಕೈಗೆ ಕೊಡು.

ಇಂತಿ ನಿನ್ನ ಪ್ರೀತಿಯ,
ಅತ್ತೆ